ಓದುತ್ತಲೇ ದುಡಿಯುವವರು ಎಷ್ಟು ಜನ? ದಾವಣಗೆರೆಯ ಡಿಗ್ರಿ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಸಂಶೋಧನೆ

[ದೃಶ್ಯ: ಬೆಳಗಿನ ದಾವಣಗೆರೆ ಬಸ್ ನಿಲ್ದಾಣ. ಜಗಳೂರು, ಹರಿಹರ, ಚನ್ನಗಿರಿ ಕಡೆಯ ಬಸ್ಸುಗಳಿಂದ ಬ್ಯಾಗ್ ಹಾಕಿಕೊಂಡ ಹುಡುಗ ಹುಡುಗಿಯರು ಇಳಿಯುತ್ತಿದ್ದಾರೆ.]

ನಮಸ್ಕಾರ. ಈ ವಿಡಿಯೋ ದಾವಣಗೆರೆ, ಚಿತ್ರದುರ್ಗ ಕಡೆ ಡಿಗ್ರಿ ಓದುತ್ತಿರುವವರಿಗೆ. ಅದರಲ್ಲೂ ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮಾಡಬೇಕಾದವರಿಗೆ.

2024-25ರಿಂದ ಕರ್ನಾಟಕದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ನಾಲ್ಕನೇ ವರ್ಷ ಇಟ್ಟುಕೊಂಡು ನಿಧಾನವಾಗಿ ಸಂಶೋಧನೆ ಮಾಡೋಣ ಅನ್ನುವ ಹಾಗಿಲ್ಲ. ಪ್ರಾಜೆಕ್ಟ್ ಅಂದ ಕೂಡಲೇ ಎಷ್ಟೋ ಜನ ಹೋದ ವರ್ಷದವರ ವರದಿ ಹುಡುಕುತ್ತಾರೆ. 'ಗ್ರಾಮೀಣ ಯುವಕರ ಉದ್ಯೋಗದ ಸಮಸ್ಯೆಗಳು: ಒಂದು ಅಧ್ಯಯನ'. ಮುಂದೆ ಪೀಠಿಕೆ, ಹಿಂದೆ ಸಲಹೆಗಳು, ನಡುವೆ ಎಲ್ಲಿಂದಲೋ ತಂದ ಅಂಕಿ ಅಂಶ. ಬೈಂಡಿಂಗ್ ಮಾಡಿಸಿ ಕೊಟ್ಟರೆ ಮುಗಿಯಿತು.

ಹೀಗೆ ಮುಗಿಸಿಬಿಡುವುದು ನಿಜಕ್ಕೂ ನಷ್ಟ. ಯಾಕೆಂದರೆ ಉದ್ಯೋಗದ ಬಗ್ಗೆ ಒಂದು ದೊಡ್ಡ ವಿಷಯ ನಿಮ್ಮ ಬೆಂಚಿನಲ್ಲೇ ಕೂತಿದೆ. ಅದು ಓದುತ್ತಲೇ ದುಡಿಯುವ ನಿಮ್ಮ ಕ್ಲಾಸಿನವರು.

[ದೃಶ್ಯ: ಬಟ್ಟೆ ಅಂಗಡಿ, ಬೆಣ್ಣೆ ದೋಸೆ ಹೋಟೆಲ್, ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ, ಮದುವೆ ಛತ್ರದ ಊಟದ ಪಂಕ್ತಿ.]

ಯಾರ್ಯಾರು ಇದ್ದಾರೆ ನೋಡಿ. ಸಂಜೆ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವವರು. ಹೋಟೆಲಿನಲ್ಲಿ ಬಿಲ್ ಬರೆಯುವವರು. ರಾತ್ರಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲುವವರು. ಬೈಕ್ ಹತ್ತಿ ಪಾರ್ಸೆಲ್ ತಲುಪಿಸುವವರು. ಮದುವೆ ಸೀಸನ್ ಬಂತೆಂದರೆ ಕೇಟರಿಂಗ್ ಜೊತೆ ಬಡಿಸಲು ಹೋಗುವವರು. ಚನ್ನಗಿರಿ ಕಡೆಯವರಾದರೆ ಅಡಿಕೆ ಸುಲಿಯುವ ಕಾಲದಲ್ಲಿ ಮನೆ ಬಿಟ್ಟು ಕದಲುವುದಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟಾಗ ಹರಿಹರ, ಹೊನ್ನಾಳಿ ಕಡೆ ಭತ್ತದ ನಾಟಿ ಶುರು. ಆಗ ಕ್ಲಾಸಿನಲ್ಲಿ ಯಾವ ಬೆಂಚು ಖಾಲಿಯಾಗುತ್ತದೆ ಅಂತ ನಿಮಗೇ ಗೊತ್ತು.

ಈಗ ಇವರ ಹತ್ತಿರ ಹೋಗಿ, 'ನೀವು ಕೆಲಸ ಮಾಡ್ತೀರಾ?' ಅಂತ ಕೇಳಿ.

'ಇಲ್ರಿ, ಓದ್ತಿದೀನಿ. ಸುಮ್ನೆ ಸಂಜೆ ಹೊತ್ತು ಅಪ್ಪನ ಅಂಗಡೀಲಿ ಕೂತ್ಕಂತೀನಿ, ಅಷ್ಟೇ.'

ದಿನಾ ನಾಲ್ಕು ಗಂಟೆ ಕೂರುವವರೂ ಹೀಗೇ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತ ಅಲ್ಲ. ಸಂಬಳ ಬಂದರೆ ಮಾತ್ರ ಕೆಲಸ ಅಂತ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಪ್ರಶ್ನೆಪಟ್ಟಿಯಲ್ಲಿ ಇದೊಂದೇ ಪ್ರಶ್ನೆ ಇದ್ದರೆ, ಆ ಹುಡುಗ 'ಇಲ್ಲ' ಅನ್ನುವ ಕಡೆ ಸೇರಿಹೋದ. ಅವನ ನಾಲ್ಕು ಗಂಟೆ ನಿಮ್ಮ ವರದಿಯಲ್ಲಿ ಎಲ್ಲಿಯೂ ಇರುವುದಿಲ್ಲ.

[ಪರದೆಯ ಮೇಲೆ: ಸರ್ಕಾರ ಹೇಗೆ ಎಣಿಸುತ್ತದೆ?]

ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಪಿಎಲ್‌ಎಫ್‌ಎಸ್, ಅಂದರೆ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ನಡೆಸುತ್ತದೆ. 2017ರ ಏಪ್ರಿಲ್‌ನಲ್ಲಿ ಶುರುವಾದದ್ದು. ನಿರುದ್ಯೋಗ ಇಷ್ಟು ಶೇಕಡಾ ಅಂತ ಪೇಪರಿನಲ್ಲಿ ಓದುತ್ತೀರಲ್ವಾ, ಆ ಲೆಕ್ಕ ಹೆಚ್ಚಾಗಿ ಬರುವುದು ಇಲ್ಲಿಂದ.

ಇದರಲ್ಲಿ ಎರಡು ಅಳತೆಗಳಿವೆ. ಒಂದು, ಹಿಂದಿನ 365 ದಿನಗಳನ್ನು ನೋಡುವುದು. ವರ್ಷದಲ್ಲಿ ಜಾಸ್ತಿ ಕಾಲ ಏನು ಮಾಡಿದಿರಿ ಎನ್ನುವುದು ಮುಖ್ಯ ಸ್ಥಿತಿ. ಅದರ ಜೊತೆಗೆ 30 ದಿನ ಅಥವಾ ಅದಕ್ಕಿಂತ ಜಾಸ್ತಿ ಬೇರೆ ದುಡಿಮೆ ಮಾಡಿದ್ದರೆ ಅದು ಪೂರಕ ಸ್ಥಿತಿ. ಇನ್ನೊಂದು ಅಳತೆ, ಹಿಂದಿನ 7 ದಿನಗಳನ್ನು ನೋಡುವುದು. ಆ ವಾರದಲ್ಲಿ ಯಾವುದಾದರೂ ಒಂದು ದಿನ ಕನಿಷ್ಠ 1 ಗಂಟೆ ದುಡಿದಿದ್ದರೂ ಸಾಕು, ಕೆಲಸ ಇದ್ದವರು ಅಂತ ಲೆಕ್ಕ.

ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಶಾಲೆ ಕಾಲೇಜಿಗೆ ಹೋಗುವವರಿಗೆ 91. ಸಂಬಳವಿಲ್ಲದೆ ಮನೆಯ ಅಂಗಡಿ, ಹೊಲದಲ್ಲಿ ಕೈಜೋಡಿಸುವವರಿಗೆ 21. ಖಾಯಂ ಸಂಬಳದವರಿಗೆ 31. ದಿನಗೂಲಿಗೆ 51. ಅಪ್ಪನ ಅಂಗಡಿಯಲ್ಲಿ ಕೂರುವ ಹುಡುಗನನ್ನು ನೆನಪಿಸಿಕೊಳ್ಳಿ. ಅವನು ಮುಖ್ಯ ಸ್ಥಿತಿಯಲ್ಲಿ 91, ಪೂರಕ ಸ್ಥಿತಿಯಲ್ಲಿ 21. ಅಂದರೆ ಒಂದು ಕೋಷ್ಟಕದಲ್ಲಿ ಅವನು ಬರೀ ವಿದ್ಯಾರ್ಥಿ. ಎರಡನ್ನೂ ಸೇರಿಸಿದ ಕೋಷ್ಟಕದಲ್ಲಿ ಅವನು ದುಡಿಯುವವನು. ಹುಡುಗ ಒಬ್ಬನೇ.

ಅದಕ್ಕೇ ನೀವು ಯಾವ ಅಂಕಿಯನ್ನು ವರದಿಗೆ ತಂದರೂ ಅದು ಯಾವ ಅಳತೆಯದು ಅಂತ ಪಕ್ಕದಲ್ಲಿ ಬರೆಯಿರಿ. ವಾರದ ಲೆಕ್ಕವನ್ನೂ ವರ್ಷದ ಲೆಕ್ಕವನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿದ ವರದಿಯನ್ನು ಯಾರೂ ನಂಬಬೇಕಾಗಿಲ್ಲ.

ಇದರಲ್ಲಿ ಒಂದು ಕೊರತೆಯೂ ಇದೆ. ಮನೆಯವರಿಗೆ ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ಅಜ್ಜಿಯನ್ನು ನೋಡಿಕೊಳ್ಳುವುದು ಇದ್ಯಾವುದೂ ಉದ್ಯೋಗದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಕ್ಲಾಸಿನ ಹುಡುಗಿಯರಲ್ಲಿ ಎಷ್ಟೋ ಜನರ ದಿನ ಇದರಲ್ಲೇ ಹೋಗುತ್ತದೆ.

[ಪರದೆಯ ಮೇಲೆ: ನಿನ್ನೆ ಏನು ಮಾಡಿದಿರಿ?]

ಇಲ್ಲಿಗೆ ಬೇರೆ ಒಂದು ಸಮೀಕ್ಷೆ ಸಹಾಯಕ್ಕೆ ಬರುತ್ತದೆ. ಅದು ಸಮಯ ಬಳಕೆಯ ಸಮೀಕ್ಷೆ. ದೇಶದಾದ್ಯಂತ ಮೊದಲು ನಡೆದದ್ದು 2019ರಲ್ಲಿ, ಆಮೇಲೆ 2024ರಲ್ಲಿ. ಅವರು 'ಕೆಲಸ ಮಾಡ್ತೀರಾ' ಅಂತ ಕೇಳಿ ಸುಮ್ಮನಾಗುವುದಿಲ್ಲ. ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡುತ್ತಾರೆ. ಪ್ರತಿ ತುಂಡಿನಲ್ಲಿ ಏನು ಮಾಡಿದಿರಿ ಅಂತ ಕೇಳುತ್ತಾರೆ. 2024ರ ಲೆಕ್ಕದಲ್ಲಿ 15ರಿಂದ 59 ವಯಸ್ಸಿನ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸುಮಾರು 305 ನಿಮಿಷ ಕೊಟ್ಟಿದ್ದಾರೆ. ಐದು ಗಂಟೆಗೂ ಜಾಸ್ತಿ!

ನಿಮ್ಮ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುತ್ತಿಲ್ಲ. ಒಂದು ಎ4 ಹಾಳೆ ಸಾಕು. ಎಡಗಡೆ ಸಮಯ, 48 ಸಾಲು. ಬಲಗಡೆ ಖಾಲಿ ಜಾಗ. ನಿನ್ನೆಯ ದಿನವನ್ನು ತುಂಬಿಸಿ.

ಒಬ್ಬಳು ಹುಡುಗಿಯನ್ನು ಊಹಿಸಿಕೊಳ್ಳಿ. ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 5 ಗಂಟೆಗೆ ಎದ್ದಳು. ನೀರು ತುಂಬಿಸಿದಳು, ಕಸ ಗುಡಿಸಿದಳು, ರೊಟ್ಟಿ ಬಡಿದಳು. 7 ಗಂಟೆಗೆ ಬಸ್ ಸ್ಟಾಪು. ಬಂದ ಬಸ್ಸು ತುಂಬಿತ್ತು, ನಿಲ್ಲಿಸಲಿಲ್ಲ. ಮುಂದಿನದು ಹತ್ತಿ ಕಾಲೇಜು ಸೇರುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಆಗಿತ್ತು. ಸಂಜೆ ಮನೆಗೆ ಬಂದು ಮತ್ತೆ ಅಡುಗೆ. ಪುಸ್ತಕ ಹಿಡಿದದ್ದು ರಾತ್ರಿ 9:30ಕ್ಕೆ, 10:30ಕ್ಕೆ ನಿದ್ದೆ. 'ಕೆಲಸ ಮಾಡ್ತೀಯಾ' ಅಂದರೆ ಇವಳ ಉತ್ತರ 'ಇಲ್ಲ'. ಹಾಳೆ ತುಂಬಿಸಿದರೆ ಎಲ್ಲ ಎದ್ದು ಕಾಣುತ್ತದೆ. ಪ್ರಯಾಣವೂ ಕಾಣುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಆದ್ದರಿಂದ ಬರೀ ಬಸ್ ಖರ್ಚು ಕೇಳಿದರೆ ಅವಳದು ಸೊನ್ನೆ ಅಂತ ಬರುತ್ತದೆ. ಕಾದ ಸಮಯವನ್ನು ಕೇಳಿ.

ಒಂದೇ ದಿನ ಸಾಲದು. ಒಂದು ಕಾಲೇಜಿನ ದಿನ, ಒಂದು ಭಾನುವಾರ. ಎರಡೂ ಬೇಕು. ಎಷ್ಟೋ ಜನರ ದುಡಿಮೆ ಭಾನುವಾರವೇ ಇರುತ್ತದೆ.

[ಪರದೆಯ ಮೇಲೆ: ಯಾರನ್ನು ಕೇಳುವುದು?]

ಈಗ ಎಲ್ಲಕ್ಕಿಂತ ದೊಡ್ಡ ತೊಡಕು. ಜಾಸ್ತಿ ಪ್ರಾಜೆಕ್ಟುಗಳು ಕೆಡುವುದೇ ಇಲ್ಲಿ. ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಇಲ್ಲವೇ ಕ್ಲಾಸಿನಲ್ಲಿ ಕೂತವರಿಗೆ ಹಾಳೆ ಹಂಚುತ್ತಾರೆ. ದುಡಿಯಲು ಹೋದವರು ಆ ಹೊತ್ತಿಗೆ ಕ್ಲಾಸಿನಲ್ಲೇ ಇಲ್ವಲ್ಲ!

ಒಂದು ಲೆಕ್ಕ ಹಾಕೋಣ. ಇದು ಬರೀ ಊಹೆಯ ಲೆಕ್ಕ. ಕ್ಲಾಸಿನಲ್ಲಿ 60 ಜನ. ಇವತ್ತು ಬಂದವರು 40. ಅವರಲ್ಲಿ ದುಡಿಯುವವರು 12. ಅಂದರೆ ಶೇ. 30. ನೀವು ಇದನ್ನೇ ಬರೆದು ಕೊಟ್ಟಿರಿ. ಬಾರದ 20 ಜನರಲ್ಲಿ 14 ಮಂದಿ ಕೆಲಸಕ್ಕೆ ಹೋಗಿದ್ದಾರೆ ಅಂತಿಟ್ಟುಕೊಳ್ಳಿ. ಒಟ್ಟು 26. ಈಗ ಅದು ಶೇ. 43 ದಾಟಿತು. ಪ್ರಶ್ನೆ ಸರಿಯಾಗಿಯೇ ಇತ್ತು, ಕೇಳಿದ ಜಾಗ ತಪ್ಪಿತು.

ಹಾಗಾಗಿ ಹಾಜರಾತಿ ಪುಸ್ತಕದ ಪಟ್ಟಿಯಿಂದ ಶುರು ಮಾಡಿ. ಕಾಲೇಜಿನ ಅನುಮತಿ ಪಡೆದು ಪ್ರತಿ ಐದನೇ ಹೆಸರನ್ನೋ ಹತ್ತನೇ ಹೆಸರನ್ನೋ ಆರಿಸಿ. ಆ ವ್ಯಕ್ತಿ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ. ಮಂಡಿಪೇಟೆಯ ಅಂಗಡಿಯಲ್ಲಿದ್ದರೆ ಅಲ್ಲಿಗೇ ಹೋಗಿ, ಗಿರಾಕಿ ಇಲ್ಲದ ಹೊತ್ತು ನೋಡಿ ಮಾತಾಡಿಸಿ. ಸಿಗಲಿಲ್ಲ ಅಂತ ಪಕ್ಕದವರನ್ನು ಕೇಳಿ ಲೆಕ್ಕ ತುಂಬಿಸಬೇಡಿ. 30 ಜನರನ್ನು ಹೀಗೆ ಸರಿಯಾಗಿ ಮಾತಾಡಿಸಿದ ವರದಿಗೆ, 300 ಜನರ ಗೂಗಲ್ ಫಾರ್ಮಿಗಿಂತ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಇನ್ನೊಂದು. ಹಾಜರಾತಿ ಶೇ. 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯ ಎಲ್ಲರಿಗೂ ಇದೆ. ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರೆ ಯಾವ ಹುಡುಗ 'ಕ್ಲಾಸು ಬಿಟ್ಟು ಬಂಕಿಗೆ ಹೋಗ್ತೀನ್ರಿ' ಅಂತ ಹೇಳುತ್ತಾನೆ? ಹಾಳೆಯ ಮೇಲೆ ಹೆಸರು, ರಿಜಿಸ್ಟರ್ ನಂಬರ್ ಬರೆಸಬೇಡಿ. ತುಂಬಿದ ಹಾಳೆಗಳು ನಿಮ್ಮ ಹತ್ತಿರವೇ ಇರಲಿ. ಮೊದಲೇ ಗೈಡ್ ಜೊತೆ ಮಾತಾಡಿ ಇದನ್ನು ಒಪ್ಪಿಸಿ. ಸಣ್ಣ ಕ್ಲಾಸಿನಲ್ಲಿ 'ಹರಿಹರದಿಂದ ಬರುವ, ಬೇಕರಿಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿ' ಅಂದರೂ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ. ಅಂಥ ವಿವರವನ್ನೂ ಬಿಡಿ. ನಿಮ್ಮನ್ನು ನಂಬಿ ಹೇಳಿದವರಿಗೆ ತೊಂದರೆ ಆಗಬಾರದು.

ದುಡ್ಡಿನ ವಿಷಯಕ್ಕೆ ಬಂದರೆ, ಎಷ್ಟು ಸಿಗುತ್ತದೆ ಅಂತ ಮಾತ್ರ ಕೇಳಿ ಬಿಡಬೇಡಿ. ಯಾರ ಕೈಗೆ ಹೋಗುತ್ತದೆ ಅಂತಲೂ ಕೇಳಿ. ಫೀಸಿಗಾ, ಮನೆ ರೇಷನ್ನಿಗಾ, ತಂಗಿಯ ಪುಸ್ತಕಕ್ಕಾ, ಮೊಬೈಲ್ ಕಂತಿಗಾ? ಒಂದೇ ಮೊತ್ತ ದುಡಿಯುವ ಇಬ್ಬರ ಬದುಕು ಇಲ್ಲಿ ಬೇರೆ ಬೇರೆಯಾಗುತ್ತದೆ.

[ದೃಶ್ಯ: ಹಳೆಯ ಹತ್ತಿ ಗಿರಣಿಯ ಗೋಡೆ. ನಂತರ ಆಸ್ಟ್ರಿಯಾದ ನಕ್ಷೆ.]

ಸಣ್ಣ ತಂಡ, ಸಣ್ಣ ಊರು, ಇದರಿಂದ ಏನು ದೊಡ್ಡ ಸಂಶೋಧನೆ ಆಗುತ್ತದೆ ಅಂತ ಅನಿಸಬಹುದು. ಒಂದು ನಿಜವಾದ ಉದಾಹರಣೆ ಹೇಳುತ್ತೇನೆ.

ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂಥಾಲ್ ಅಂತ ಒಂದು ಊರು. ಇಡೀ ಊರು ಒಂದೇ ಬಟ್ಟೆ ಗಿರಣಿಯನ್ನು ನಂಬಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. 1931-32ರಲ್ಲಿ ಸಮಾಜ ಸಂಶೋಧಕರಾದ ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಜೆಲ್ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋದರು. ಯಹೋಡಾ ಅವರಿಗೆ ಆಗ ಬರೀ 24-25 ವಯಸ್ಸು. ಅವರು ಏನನ್ನು ಅಳೆದರು ಗೊತ್ತಾ? ಗ್ರಂಥಾಲಯದಿಂದ ಜನ ಒಯ್ಯುವ ಪುಸ್ತಕಗಳ ಲೆಕ್ಕ ನೋಡಿದರು. ಕೆಲಸವಿಲ್ಲದೆ ಬೇಕಾದಷ್ಟು ಸಮಯವಿದ್ದರೂ ಓದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಡಿಯಾರ ಹಿಡಿದು ರಸ್ತೆಯಲ್ಲಿ ನಡೆಯುವವರ ವೇಗ ನೋಡಿದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಮನೆಗೆಲಸ ಕಾದಿದ್ದ ಹೆಂಗಸರು ಬೇಗ ಬೇಗ ಹೋಗುತ್ತಿದ್ದರು. ದಿನದ ಸಮಯ ಬರೆಯುವ ಹಾಳೆಗಳನ್ನೂ ಕೊಟ್ಟಿದ್ದರು. ಎಷ್ಟೋ ಗಂಡಸರಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಏನು ಮಾಡಿದೆವು ಅಂತ ಹೇಳುವುದೇ ಕಷ್ಟವಾಯಿತು.

ಅವರು ಇಟ್ಟುಕೊಂಡಿದ್ದ ಒಂದು ನಿಯಮ ನನಗೆ ತುಂಬ ಇಷ್ಟ. ಸುಮ್ನೆ ನೋಡಿಕೊಂಡು ಹೋಗಲು ಯಾರೂ ಬರಬಾರದು. ಊರಿಗೆ ಏನಾದರೂ ಉಪಯೋಗವಾಗಬೇಕು. ಬಟ್ಟೆ ಸಂಗ್ರಹಿಸಿ ಹಂಚಿದರು, ವೈದ್ಯರನ್ನು ಕರೆತಂದರು, ಹೊಲಿಗೆ ಕಲಿಸಿದರು.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು. ಇಲ್ಲಿಯೂ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಅಲ್ಲಿ ದುಡಿದವರ ಮೊಮ್ಮಕ್ಕಳು ಇವತ್ತು ನಿಮ್ಮ ಕ್ಲಾಸಿನಲ್ಲಿ ಇರಬಹುದು. ಸಮಯವಿದ್ದರೆ ಅವರ ಮನೆಗೆ ಹೋಗಿ ಅಜ್ಜ ಅಜ್ಜಿಯರ ಜೊತೆ ಕೂತು ಮಾತಾಡಿ. ಅದೇ ಬೇರೆ ಒಂದು ಪ್ರಾಜೆಕ್ಟ್ ಆದೀತು.

[ಪರದೆಯ ಮೇಲೆ: ವರದಿ ಬರೆಯುವಾಗ]

ಅಂಕ ಕಡಿಮೆ ಬಂದದ್ದು ದುಡಿಮೆಯಿಂದಲೇ ಅಂತ ತಕ್ಷಣ ಬರೆಯಬೇಡಿ. ದುಡಿಯುವ ಹುಡುಗ ದೂರದಿಂದ ಬರುವವನೂ ಆಗಿರಬಹುದು, ಮನೆಯಲ್ಲಿ ಓದಿದವರು ಯಾರೂ ಇಲ್ಲದವನೂ ಆಗಿರಬಹುದು. ಇವನ್ನೂ ಕೇಳಿಟ್ಟುಕೊಂಡರೆ ಒಂದೇ ಪರಿಸ್ಥಿತಿಯ ಇಬ್ಬರನ್ನು ಹೋಲಿಸಬಹುದು. ವಾರಕ್ಕೆ 6 ಗಂಟೆ ದುಡಿಯುವವರನ್ನೂ 30 ಗಂಟೆ ದುಡಿಯುವವರನ್ನೂ ಒಂದೇ ಗುಂಪಿಗೆ ಸೇರಿಸಲೂ ಬೇಡಿ.

ಡಿಗ್ರಿ ಮುಗಿಸಿದವರನ್ನು ಕೇಳುವುದಾದರೆ ಯುವನಿಧಿ ನೆನಪಿರಲಿ. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅದನ್ನು ಪಡೆಯುವವರು ಸಣ್ಣಪುಟ್ಟ ದುಡಿಮೆಯನ್ನು ಅಪರಿಚಿತರ ಮುಂದೆ ಹೇಳಲು ಹಿಂಜರಿಯಬಹುದು. ಒತ್ತಾಯ ಮಾಡಬೇಡಿ.

ಕೊನೆಯ ಅಧ್ಯಾಯದಲ್ಲಿ 'ಸರ್ಕಾರ ಕ್ರಮ ಕೈಗೊಳ್ಳಬೇಕು' ಅಂತ ಬರೆದು ಕೈತೊಳೆದುಕೊಳ್ಳುವುದು ಬೇಡ. ನಿಮ್ಮ ಹಾಳೆಗಳಲ್ಲಿ ಏನು ಸಿಕ್ಕಿತೋ ಅದನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆಯಿರಿ. ಬೆಳಗಿನ ಬಸ್ಸು ಮೊದಲ ಪೀರಿಯಡ್‌ಗೆ ತಲುಪುತ್ತಿಲ್ಲ ಅಂತ ಗೊತ್ತಾದರೆ ಪ್ರಿನ್ಸಿಪಾಲರಿಗೂ ಬಸ್ ಡಿಪೋಗೂ ಆ ಪುಟ ಕೊಡಿ. ಸಂಜೆ ಲೈಬ್ರರಿ ಬೇಗ ಮುಚ್ಚುವುದರಿಂದ ದುಡಿಯುವವರಿಗೆ ಪುಸ್ತಕ ಸಿಗುತ್ತಿಲ್ಲ ಅಂತಾದರೆ ಗಂಟೆಗಳ ಲೆಕ್ಕ ಸಮೇತ ಕೇಳಿ. ಮಾಹಿತಿ ಕೊಟ್ಟ ಪ್ರತಿಯೊಬ್ಬರಿಗೂ ಒಂದು ಪ್ರತಿ ತಲುಪಲಿ.

[ದೃಶ್ಯ: 48 ಸಾಲಿನ ಹಾಳೆ, ಪೂರ್ತಿ ಪರದೆಯಲ್ಲಿ.]

ಈ ಹಾಳೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮೊದಲು ಐದು ಜನ ಗೆಳೆಯರಿಗೆ ಕೊಟ್ಟು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲಿನ ಮಾತನ್ನು ಬದಲಿಸಿ, ಆಮೇಲೆ ಉಳಿದವರಿಗೆ ಪ್ರಿಂಟ್ ತೆಗೆಸಿ.