ಫೋಟೋ ಕೆಳಗೆ ಯಾರ ಹೆಸರು?

ಪುಣೆಯ ಕನ್ನಡ ಬಂಧುಗಳಿಗೆಲ್ಲ ನಮಸ್ಕಾರ.

ಹಿಂಜೆವಾಡಿಯ ಎತ್ತರದ ಕಟ್ಟಡಗಳನ್ನು ನೀವೆಲ್ಲ ನೋಡಿದ್ದೀರಿ. ಅವುಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ ನಮ್ಮದೇ ಕನ್ನಡ ಕೇಳಿಸುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯೋಕೆ ಬಂದವರು. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ಅಕ್ಕನ ಫೋಟೋ ತೆಗೆದೆ. ತಲೆ ಮೇಲೆ ಸಿಮೆಂಟು ಬುಟ್ಟಿ, ಮುಖದ ತುಂಬ ಧೂಳು. ಅದು ಒಂದು ಪತ್ರಿಕೆಯಲ್ಲಿ ಬಂತು. ಖುಷಿಯಿಂದ ತೋರಿಸೋಕೆ ಹೋದೆ. ಅಕ್ಕ ಸುಮಾರು ಹೊತ್ತು ನೋಡಿ ಕೇಳಿದರು: "ಇದರಾಗ ನನ್ನ ಹೆಸರು ಎಲ್ಲಿ ಅದರೀ?"

ಕೆಳಗೆ 'ಕಟ್ಟಡ ಕಾರ್ಮಿಕ ಮಹಿಳೆ' ಅಂತಷ್ಟೇ ಇತ್ತು. ನಾನು ಹೆಸರು ಕೇಳಿಯೇ ಇರಲಿಲ್ಲ.

ಈ ಚಾಳಿ ಹಳೆಯದು. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಅಂತ ಫೋಟೋಗಳ ಎಂಟು ಸಂಪುಟ ತಂದರು. ತುಂಬ ನಮ್ಮ ಜನರ ಮುಖಗಳೇ. ಆದರೆ ಹೆಚ್ಚಿನ ಕಡೆ ಹೆಸರಿನ ಜಾಗದಲ್ಲಿ ಜಾತಿ, ಬುಡಕಟ್ಟು. ಜೊತೆಗೆ ಇಂಥವರು ನಂಬಿಕಸ್ಥರು, ಇಂಥವರು ಅಲ್ಲ ಅನ್ನೋ ತೀರ್ಪು ಬೇರೆ.

ಒಳ್ಳೆಯ ಮನಸ್ಸಿಂದ ತೆಗೆದ ಚಿತ್ರದಲ್ಲೂ ಹೀಗಾಗುತ್ತದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಗಳ ಶಿಬಿರದಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಒಬ್ಬ ವಲಸೆ ತಾಯಿಯ ಫೋಟೋ ತೆಗೆದರು. ಅದರಿಂದ ಆ ಶಿಬಿರಕ್ಕೆ ಸರ್ಕಾರದ ಆಹಾರ ಬಂತು. ಅಷ್ಟರಲ್ಲಿ ಆ ತಾಯಿ ಮಕ್ಕಳ ಜೊತೆ ಮುಂದಿನ ಊರಿಗೆ ಹೋಗಿದ್ದರು. ಅವರ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ನಲವತ್ತೆರಡು ವರ್ಷ! ಮುಖ ಎಲ್ಲರಿಗೂ ಗೊತ್ತು, ಮನುಷ್ಯರು ಯಾರಿಗೂ ಗೊತ್ತಿಲ್ಲ. ಇದು ಅನ್ಯಾಯ ಅಲ್ವಾ?

ಮತ್ತೆ ಹಿಂಜೆವಾಡಿಗೆ ಬರ್ತೀನಿ. ಇನ್ನೊಂದು ಫೋಟೋ ತೆಗೆಯೋಕೆ ಹೋದಾಗ "ಹಂಗ ತೆಗೀಬ್ಯಾಡ್ರಿ, ತಡೀರಿ" ಅಂತ ಅಕ್ಕ ಒಳಗೆ ಹೋದರು. ಮುಖ ತೊಳೆದು, ತಲೆ ಬಾಚಿ, ಇಳಕಲ್ ಸೀರೆ ಉಟ್ಟು ಬಂದರು. ಶೆಡ್ಡಿನ ಮುಂದೆ ಬೇಡ ಅಂದರು. ಹೊಸ ಗೋಡೆಯೊಂದರ ಮುಂದೆ ಹೋಗಿ ನಿಂತರು. "ಈ ಗ್ವಾಡಿಗೆ ದಿನಾ ನೀರು ಹೊಡದಾಕಿ ನಾ."

ನಾನು ಮೊದಲಿನ ಹಾಗೆ ಮೇಲಿಂದ ತೆಗೆಯಲಿಲ್ಲ. ಮೇಲಿಂದ ತೆಗೆದರೆ ಎಂಥವರೂ ಕುಗ್ಗಿದಂತೆ ಕಾಣ್ತಾರೆ. ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಬಿಳಿ ಗೋಡೆ ಹಿಂದಿದ್ದರೆ ಕ್ಯಾಮೆರಾ ತಾನಾಗೇ ಬೆಳಕು ತಗ್ಗಿಸಿ ಕಪ್ಪು ಮುಖವನ್ನ ಇನ್ನೂ ಕತ್ತಲು ಮಾಡುತ್ತದೆ. ಅದಕ್ಕೇ ಗೋಡೆ ನೋಡದೆ ಅವರ ಕೆನ್ನೆ ನೋಡಿ ಬೆಳಕು ಹೊಂದಿಸಿದೆ. ಆಮೇಲೆ ಬಣ್ಣ ಬಿಳಿಚಿಸಲೂ ಇಲ್ಲ. ತೆಗೆದ ಅಷ್ಟೂ ಫೋಟೋ ತೋರಿಸಿದೆ. ಆರಿಸಿದ್ದು ಅವರೇ. ನನಗೆ ಇಷ್ಟವಾದದ್ದು ಬೇರೆ ಇತ್ತು.

ಎರಡು ಪ್ರಿಂಟು ಕೇಳಿದರು, ಒಂದು ಊರಲ್ಲಿರುವ ಅವ್ವನಿಗೆ. ಇನ್ನೊಂದು ಶೆಡ್ಡಿನ ತಗಡಿಗೆ ತೂಗಿತು, ಮಳೆ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ. ಕೆಳಗೆ ಮಗಳು ದೊಡ್ಡ ಅಕ್ಷರದಲ್ಲಿ ತನ್ನ ಅವ್ವನ ಹೆಸರು ಬರೆದಿದ್ದಳು. ಆ ಹೆಸರು ಇಲ್ಲಿ ಹೇಳಲ್ಲ. ಫೋಟೋ ಕೆಳಗೆ ಇರಲಿ, ಭಾಷಣದಾಗ ಬ್ಯಾಡ ಅಂದಿದ್ದಾರೆ.