ಚಾರ್ಜರ್ ಮೈಮೇಲಿನ ಆ ಸಣ್ಣ ಸಂಖ್ಯೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತು ಒಂದೇ ಮಾತು: ಮೊಬೈಲ್ ಚಾರ್ಜರ್ ಕೊಳ್ಳುವ ಮುನ್ನ ಅದರ ಮೈಮೇಲಿನ ಸಂಖ್ಯೆ ನೋಡಿ. ವಸ್ತುಗಳ ಗುಣಮಟ್ಟ, ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿನ ಕೆಳಗೆ ಇಂಗ್ಲಿಷಿನ ‘ಆರ್’ ಅಕ್ಷರ, ಅದರ ಮುಂದೆ 8 ಅಂಕಿ. ಅದಿಲ್ಲದ ಚಾರ್ಜರ್ ಮಾರುವುದೇ ಕಾನೂನಿಗೆ ವಿರುದ್ಧ.

ಬಸ್ ನಿಲ್ದಾಣದ ಬಳಿ 80 ರೂಪಾಯಿಗೆ ಸಿಗುವ ಚಾರ್ಜರ್ ಬಿಚ್ಚಿದರೆ ಏನು ಕಾಣುತ್ತದೆ ಗೊತ್ತೇ? ಒಳಗೆ ಬೆರಳಗಲದ ಸರ್ಕ್ಯೂಟ್ ಬೋರ್ಡ್. ಅದರ ಒಂದು ಬದಿಗೆ ಗೋಡೆಯ 230 ವೋಲ್ಟ್, ಇನ್ನೊಂದು ಬದಿಗೆ ನಿಮ್ಮ ಫೋನಿಗೆ ಹೋಗುವ 5 ವೋಲ್ಟ್. ಇವೆರಡರ ನಡುವೆ ಬೋರ್ಡಿನ ಮೇಲೆ ಸುಮಾರು 5 ಮಿಲಿಮೀಟರ್ ಖಾಲಿ ಜಾಗ ಬಿಡಬೇಕು. ಅಗ್ಗದ್ದರಲ್ಲಿ ಎಷ್ಟೋ ಸಲ 1 ಮಿಲಿಮೀಟರೂ ಇರುವುದಿಲ್ಲ. ಮಳೆಗಾಲದ ತೇವ, ಒಂದಿಷ್ಟು ಧೂಳು ಸೇರಿದರೆ ಸಾಕು, ಕರೆಂಟು ದಾಟಿಬಿಡುತ್ತದೆ. ಎರಡೂ ಬದಿಗೆ ಕಾಲಿಟ್ಟು ನಿಂತ ನೀಲಿ ಬಿಲ್ಲೆಯೊಂದಿರುತ್ತದೆ, ವೈ ಕೆಪಾಸಿಟರ್. ತಾನು ಕೆಟ್ಟರೂ ಕರೆಂಟಿಗೆ ದಾರಿ ಬಿಡದಂತೆ ಮಾಡಿದ ಭಾಗ ಅದು. ಕಾಸು ಉಳಿಸಲು ಅಲ್ಲಿ ಮಾಮೂಲಿ ಕೆಪಾಸಿಟರ್ ಕೂರಿಸುತ್ತಾರೆ. ಅದು ಕೆಟ್ಟರೆ 230 ವೋಲ್ಟ್ ನೇರ ಫೋನಿಗೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ಬರೀ ತಂತಿ. ಚಾರ್ಜಿಗೆ ಹಾಕಿದ ಫೋನನ್ನು ಕಿವಿಗಿಟ್ಟುಕೊಂಡು ಮಲಗುವ ಮಕ್ಕಳನ್ನು ನೆನೆಸಿಕೊಳ್ಳಿ!

“ಇದೂ ಅದೇ ಸಾರ್” ಅನ್ನುತ್ತಾರೆ ಅಂಗಡಿಯವರು. ಅದೇ ಅಲ್ಲ. ಸಂಖ್ಯೆ ನೋಡಿ. ಬೇರೆ ವಸ್ತುವಿನ ಸಂಖ್ಯೆಯನ್ನೇ ನಕಲು ಮಾಡಿ ಅಚ್ಚು ಹಾಕುವವರೂ ಇದ್ದಾರೆ. ಅದಕ್ಕೇ ಫೋನಿನಲ್ಲಿ ಆ ಬ್ಯೂರೋದ ಬಿಐಎಸ್ ಕೇರ್ ಆ್ಯಪ್ ತೆರೆದು, ಆರ್ ಸಂಖ್ಯೆ ಪರಿಶೀಲಿಸುವ ಕಡೆ ಒತ್ತಿ, 8 ಅಂಕಿ ಹಾಕಿ. ತಯಾರಕರ ಹೆಸರು, ಬ್ರ್ಯಾಂಡ್, ವಸ್ತು ಯಾವುದೆಂದು ಬರುತ್ತದೆ. ಕೈಯಲ್ಲಿರುವುದು ಚಾರ್ಜರ್, ಪರದೆಯಲ್ಲಿ ಬಂದದ್ದು ಟಿವಿ ಎಂದಾದರೆ ಅಲ್ಲೇ ವಾಪಸ್ ಕೊಡಿ.

ಸಮಯ ಮುಗಿಯುತ್ತಾ ಬಂತು.

ಈಗ ನಿಮ್ಮ ಚಾರ್ಜರ್ ಹತ್ತಿರದಲ್ಲಿದ್ದರೆ ಸ್ವಿಚ್ ಆರಿಸಿ, ಪ್ಲಗ್‌ನಿಂದ ಕಿತ್ತು, ಪಿನ್ನುಗಳಿರುವ ಬದಿಯನ್ನು ಬೆಳಕಿಗೆ ಹಿಡಿದು ಓದಿ. ನಮಸ್ಕಾರ.