ಲ್ಯಾಕ್ಸ್‌ಟನ್: ಬೇಲಿ ಹಾಕದೆ ಉಳಿದ ಊರು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿ ಅಂದ ತಕ್ಷಣ ಸುತ್ತ ಬೇಲಿ ಇರುವ ಹಸಿರು ಹೊಲಗಳು ಕಣ್ಮುಂದೆ ಬರುತ್ತವೆ, ಅಲ್ವಾ? ಮಧ್ಯ ಇಂಗ್ಲೆಂಡಿನಲ್ಲಿ ಆ ಬೇಲಿಗಳು ಎಷ್ಟೋ ಕಡೆ ತೀರಾ ಹಳೆಯವಲ್ಲ. ಮೊದಲು ಊರಿಗೆಲ್ಲ ಸೇರಿ ಎರಡೋ ಮೂರೋ ದೊಡ್ಡ ಬಯಲುಗಳಿರುತ್ತಿದ್ದವು. ಅದರಲ್ಲಿ ಒಬ್ಬೊಬ್ಬರಿಗೂ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ, ಸುಮಾರು 68 ಲಕ್ಷ ಎಕರೆಯನ್ನು ಬೇಲಿಯೊಳಗೆ ಸೇರಿಸಿತು. ಬಡವರು ದನ ಮೇಯಿಸುತ್ತಿದ್ದ ಜಾಗವೂ ಅದರ ಜೊತೆಗೇ ಹೋಯಿತು.

ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಪುಟ್ಟ ಊರಲ್ಲಿ ಮಾತ್ರ ಹಳೇ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಒಂದಷ್ಟು ಜಮೀನಿಗೆ ಅಲ್ಲೂ ಬೇಲಿ ಬಿತ್ತು. ಆದರೆ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ಬಯಲುಗಳು ಉಳಿದವು. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ಈಗ ಬೀಳು ಬಿಡುವ ಬದಲು ಮೇವು ಬೆಳೆಯುವುದೂ ಉಂಟು.

ಲ್ಯಾಕ್ಸ್‌ಟನ್ನಿನ ಮಣ್ಣು ಗಟ್ಟಿ ಜೇಡಿ. ಹಿಂದೆ ನೇಗಿಲಿಗೆ ಎತ್ತುಗಳ ಸಾಲೇ ಬೇಕಾಗುತ್ತಿತ್ತು. ಅಷ್ಟು ಎತ್ತು ಕಟ್ಟಿ ಪದೇ ಪದೇ ತಿರುಗಿಸುವುದು ಕಷ್ಟ. ಅದಕ್ಕೇ ಪಟ್ಟಿಗಳು ಅಷ್ಟು ಉದ್ದ. ಒಬ್ಬರ ಜಮೀನು ಒಂದೇ ಕಡೆ ಇಲ್ಲದ್ದರಿಂದ ಒಳ್ಳೆ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಹಂಚಿಹೋಗುತ್ತಿತ್ತು. ತೋಟದ ಮನೆ ಕಟ್ಟುವುದಾದರೂ ಎಲ್ಲಿ? ಹಾಗಾಗಿ ರೈತರ ಮನೆ, ಕೊಟ್ಟಿಗೆ ಎಲ್ಲ ಊರೊಳಗಿನ ಬೀದಿಯಲ್ಲೇ ಇವೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬಾತ ಈ ಊರಿನ ನಕ್ಷೆ ಬರೆದ. ಅದು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟಿಯನ್ನೂ ಬಿಡದೆ ಗುರುತಿಸಿದ್ದಾನೆ. ಅದರ ಮೇಲೆ ಉಳುವವರು, ಕೊಯ್ಯುವವರು ಪುಟಾಣಿ ಗೊಂಬೆಗಳಂತೆ ಕಾಣುತ್ತಾರೆ. ಬರೀ ಕಂದಾಯದ ಲೆಕ್ಕಕ್ಕೆ ಇಷ್ಟು ಪ್ರೀತಿ ಬೇಕಿರಲಿಲ್ಲ ಅಂತ ನನಗನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅಲ್ಲಿನ ‘ಕೋರ್ಟ್ ಲೀಟ್’. ಊರಿನ ಪಂಚಾಯ್ತಿ ಅನ್ನಿ. ನವೆಂಬರ್ ಕೊನೆಯಲ್ಲಿ, ಗೋಧಿ ಬಿತ್ತಿದ ಬಯಲನ್ನು ನೋಡಲು ಜೂರಿ ಹೊರಡುತ್ತದೆ. ಜೂರಿ ಅಂದರೆ ಊರಿನ ರೈತರೇ. ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹೋಗುತ್ತಾರೆ. ಪಟ್ಟಿ ಪಟ್ಟಿಯ ನಡುವೆ ಗಡಿಗೂಟ ಹೊಡೆಯುತ್ತಾರೆ. ಯಾರಾದರೂ ಪಕ್ಕದವರ ಕಡೆಗೆ ಒಂದು ಸಾಲು ಒತ್ತಿದ್ದಾರಾ, ದಾರಿಯನ್ನು ಉತ್ತಿದ್ದಾರಾ, ‘ಸೈಕ್’ ಅಂತ ಕರೆಯುವ ಹುಲ್ಲಿನ ತಗ್ಗುಗಳಿಗೆ ನೇಗಿಲು ತಾಗಿಸಿದ್ದಾರಾ ಅಂತ ನೋಡುತ್ತಾರೆ. ಆ ತಗ್ಗುಗಳ ಹುಲ್ಲು ಹರಾಜಾಗುತ್ತದೆ. ಅವುಗಳನ್ನು ಉಳುವ ಹಾಗಿಲ್ಲ.

ವಾರದ ನಂತರ ಊರಿನ ಡವ್‌ಕೋಟ್ ಎಂಬ ಪಬ್ಬಿನಲ್ಲಿ ಕೋರ್ಟು ಸೇರುತ್ತದೆ. ತಪ್ಪು ಮಾಡಿದವರಿಗೆ ದಂಡ. ಮುಂದಿನ ವರ್ಷದ ಜೂರಿಗೆ ಪ್ರಮಾಣವಚನವೂ ಅಲ್ಲೇ. ಸುಮ್ನೆ ನೆನಪಿಗೆ ನಡೆಸುವ ಆಚರಣೆ ಅಂದುಕೊಳ್ಳಬೇಡಿ. ಅದರ ದಂಡಕ್ಕೆ ಕಾನೂನಿನ ಬಲ ಇದೆ. ದಂಡದ ಮೊತ್ತ ಅಷ್ಟೇನೂ ದೊಡ್ಡದಲ್ಲ. ಆದರೆ ವರ್ಷವಿಡೀ ಜೊತೆಗಿರುವ ನೆರೆಯವರ ಎದುರು ಹೆಸರು ಕೂಗಿಸಿಕೊಳ್ಳುವುದಿದೆಯಲ್ಲ, ಅದು ಸಣ್ಣ ವಿಷಯವಲ್ಲ.

ಊರಿನ ಒಡೆತನ ಮಾತ್ರ ಕೈ ಬದಲಾಯಿಸುತ್ತ ಬಂದಿದೆ. ಅರ್ಲ್ ಮ್ಯಾನ್ವರ್ಸ್ ಎಂಬ ಜಮೀನ್ದಾರ ಮನೆತನದಿಂದ 1952ರಲ್ಲಿ ಸರ್ಕಾರದ ಕೃಷಿ ಇಲಾಖೆ ಕೊಂಡಿತು, ಈ ಪದ್ಧತಿ ಉಳಿಯಲಿ ಅಂತಲೇ. 1981ರಲ್ಲಿ, ಬ್ರಿಟನ್ನಿನ ರಾಜಪದವಿಗೆ ಸೇರಿದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಹಳೇ ಮನೆತನದ ಥೋರ್ಸ್‌ಬಿ ಎಸ್ಟೇಟಿಗೇ ವಾಪಸ್ಸಾಯಿತು.

ಒಡೆಯರು ಬದಲಾಗುವುದಕ್ಕಿಂತ ನನಗೆ ಚಿಂತೆಯಾಗುವುದು ಒಕ್ಕಲುಗಳು ಕಡಿಮೆಯಾಗುತ್ತಿರುವುದು. ಇಪ್ಪತ್ತನೇ ಶತಮಾನದ ಮೊದಲಲ್ಲೇ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರು. ಈಗಿನ ಯಂತ್ರಗಳಿಗೆ ಅವೂ ಕಿರಿದು. ಜಮೀನೆಲ್ಲ ಮೂರ್ನಾಲ್ಕು ಜನರ ಕೈಗೆ ಸೇರಿಬಿಟ್ಟರೆ ನವೆಂಬರಿನಲ್ಲಿ ಯಾರ ಹೊಲವನ್ನು ಯಾರು ನೋಡಬೇಕು?